ವಿದೇಶಕ್ಕೆ ಮಿಷನರಿ ಸೇವೆಗೆ ಹೊರಟ ಹಿರಿಯ ದಂಪತಿಗಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮತ್ತು ನಮ್ಮ ಮನೆಯವರು ನಿವೃತ್ತಿಯಾದ ಮೇಲೆ 18 ತಿಂಗಳು ಬೇರೆ ದೇಶದ ಒಂದು ಸಣ್ಣ ಸಭೆಯ ಜೊತೆ ಸೇವೆ ಮಾಡಿ ಬಂದೆವು. ಆಗ ಅವರಿಗೆ 67, ನನಗೆ 63. ಬಂದಾಗಿನಿಂದ ಹೊರಡುವ ತಯಾರಿಯಲ್ಲಿರುವ ದಂಪತಿಗಳು ಫೋನ್ ಮಾಡುತ್ತಲೇ ಇದ್ದಾರೆ. ಕೆಲವರು ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ದೇವರ ಕರೆ ಬಂದಿದೆಯೋ ಇಲ್ಲವೋ ಅನ್ನೋದು ನಿಮಗೂ ದೇವರಿಗೂ ಬಿಟ್ಟ ವಿಷಯ. ಹೋದ ಮೇಲೆ ಅಲ್ಲಿ ನೆಲೆ ನಿಲ್ಲುವುದು ಹೇಗೆ ಅನ್ನೋದನ್ನು ಮಾತ್ರ ನಾನು ಹೇಳಬಲ್ಲೆ.

ನಮಗೆ ಪ್ರಸಂಗ ಮಾಡೋಕೆ ಬರಲ್ಲ. ಈ ವಯಸ್ಸಿನಲ್ಲಿ ಅಲ್ಲಿ ಹೋಗಿ ಏನು ಮಾಡೋದು?

ಪ್ರಸಂಗ ಮಾಡುವವರು ಅಲ್ಲೇ ಇದ್ದಾರೆ, ಅದೂ ಅವರದೇ ಭಾಷೆಯಲ್ಲಿ. ಸಾಮಾನ್ಯವಾಗಿ ಕೊರತೆ ಇರೋದು ಬೇರೆ ಕೈಗಳಿಗೆ. ಲೆಕ್ಕ ಬರೆಯುವವರು, ಬಾಡಿಗೆ ಕರಾರು ಓದಿ ನೋಡುವವರು, ನರ್ಸ್, ಟೀಚರ್, ವೈರಿಂಗ್ ಗೊತ್ತಿರುವವರು, ಸಂಗೀತ ಕಲಿಸುವವರು. ಸುಮ್ನೆ ಕೂತು ಇನ್ನೊಬ್ಬರ ಕಷ್ಟ ಕೇಳಿಸಿಕೊಳ್ಳುವವರು ಕೂಡ. 1978ರಲ್ಲಿ ಶುರುವಾದ ಮರ್ಸಿ ಶಿಪ್ಸ್ ಸಂಸ್ಥೆಯ ಆಸ್ಪತ್ರೆ ಹಡಗುಗಳನ್ನೇ ನೋಡಿ. ಅಲ್ಲಿ ಸರ್ಜನ್‌ಗಳಷ್ಟೇ ಅಲ್ಲ, ಅಡುಗೆಯವರು, ಎಲೆಕ್ಟ್ರಿಷಿಯನ್‌ಗಳು, ಶಿಕ್ಷಕರು ಎಲ್ಲರೂ ಸ್ವಯಂಸೇವಕರಾಗಿ ದುಡಿಯುತ್ತಾರೆ.

ನಮ್ಮ ಮನೆಯವರು ಜೀವನವಿಡೀ ಪಂಪು, ಮೋಟಾರು ರಿಪೇರಿ ಮಾಡಿದವರು. ನಾನು ಶಾಲೆಯ ಕಚೇರಿಯಲ್ಲಿ ಲೆಕ್ಕ ನೋಡುತ್ತಿದ್ದೆ. ಅಲ್ಲಿಯೂ ನಾವು ಮಾಡಿದ್ದು ಅದನ್ನೇ. ಸತ್ಯವೇದದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿ ಬರುತ್ತಾರಲ್ಲ, ನನಗೆ ಅವರೆಂದರೆ ಬಹಳ ಪ್ರೀತಿ. ರೋಮ್ ಬಿಟ್ಟು ಕೊರಿಂಥಕ್ಕೆ ಬಂದು ಗುಡಾರ ಹೊಲಿದು ಬದುಕಿದರು. ಪೌಲನಿಗೆ ಮನೆಯಲ್ಲೇ ಜಾಗ ಕೊಟ್ಟರು. ಮುಂದೆ ಎಫೆಸಕ್ಕೂ ಹೋದರು. ಕಸುಬು ಕೈಯಲ್ಲಿತ್ತು, ಮನೆ ಬಾಗಿಲು ತೆರೆದಿತ್ತು. ಅವರ ಸೇವೆ ಅಲ್ಲಿಂದಲೇ ಶುರುವಾಗಿದ್ದು.

ಎಷ್ಟು ಕಾಲ ಇರಬೇಕಾಗುತ್ತದೆ?

ಕಳಿಸುವ ಸಭೆಯ ಮೇಲೆ ಹೋಗುತ್ತದೆ. ಹಿರಿಯ ದಂಪತಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಳಿಸುವ ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಅನ್ನೋ ಅಮೆರಿಕ ಮೂಲದ ಸಭೆಯಲ್ಲಿ 6, 12, 18, 23 ತಿಂಗಳು ಅಂತ ಅವಧಿಗಳಿವೆ. ಬೇರೆ ಸಂಸ್ಥೆಗಳಲ್ಲಿ ಕೆಲವು ವಾರಗಳಿಂದ ಹಿಡಿದು ಎರಡು ಮೂರು ವರ್ಷದವರೆಗೂ ಇರುತ್ತದೆ.

ನನ್ನನ್ನು ಕೇಳಿದರೆ, ಆರೋಗ್ಯ ಅನುಮತಿಸುವುದಾದರೆ ಒಂದು ವರ್ಷಕ್ಕಿಂತ ಕಡಿಮೆ ಬೇಡ. ಮೊದಲ ಮೂರು ತಿಂಗಳು ನೀವು ಯಾರಿಗೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬಸ್ಸು ಹತ್ತೋದು, ಹೆಸರು ನೆನಪಿಟ್ಟುಕೊಳ್ಳೋದು, ನಿದ್ದೆ ಸರಿಮಾಡಿಕೊಳ್ಳೋದು, ಇದರಲ್ಲೇ ಕಳೆಯುತ್ತದೆ. ಕೊನೆಯ ತಿಂಗಳು ಕೆಲಸ ಒಪ್ಪಿಸಿ ಹೊರಡುವುದರಲ್ಲಿ ಮುಗಿಯುತ್ತದೆ. ಆರು ತಿಂಗಳಿಗೆ ಹೋದರೆ ಕೈಗೆ ಸಿಗೋದು ಎರಡೇ ತಿಂಗಳು ಅನ್ನಿ.

ನನಗೆ ಹೋಗಲೇಬೇಕು ಅನಿಸುತ್ತಿದೆ. ನಮ್ಮವರಿಗೆ ಮನಸ್ಸಿಲ್ಲ. ಹೋದ ಮೇಲೆ ಸರಿಹೋಗುತ್ತದಾ?

ದಯವಿಟ್ಟು ಆ ನಂಬಿಕೆಯಲ್ಲಿ ಹೊರಡಬೇಡಿ.

ವಿಲಿಯಂ ಕೇರಿಯ ಹೆಸರು ಎಲ್ಲರಿಗೂ ಗೊತ್ತು. 1793ರಲ್ಲಿ ಬಂಗಾಳಕ್ಕೆ ಬಂದವರು. ಅವರ ಹೆಂಡತಿ ಡೊರೊಥಿಯ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಆಕೆ ಮೊದಲು ಬರೋದಿಲ್ಲ ಅಂತಲೇ ಹೇಳಿದ್ದರು. ಆಗ ತುಂಬು ಗರ್ಭಿಣಿ. ಕೊನೆಗೆ ತಂಗಿ ಜೊತೆಗೆ ಬಂದರೆ ಬರುತ್ತೇನೆ ಅಂತ ಒಪ್ಪಿಕೊಂಡು, ಕೈಗೂಸಿನ ಸಮೇತ ಹಡಗು ಹತ್ತಿದರು. ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ಪೂರ್ತಿ ಕೆಟ್ಟಿತು. 1807ರಲ್ಲಿ ತೀರಿಕೊಳ್ಳುವವರೆಗೂ ಸರಿಹೋಗಲೇ ಇಲ್ಲ. ಕೇರಿಯವರ ಕೆಲಸ ದೊಡ್ಡದು, ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಡೊರೊಥಿಯನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಈಗ ಕಾಲ ಬೇರೆ, ವಿಮಾನ ಇದೆ, ಫೋನ್ ಇದೆ. ಆದರೂ ಒಲ್ಲದ ಮನಸ್ಸನ್ನು ಎಳೆದುಕೊಂಡು ಹೋಗುವುದು ಇವತ್ತಿಗೂ ತಪ್ಪೇ. ನಮ್ಮಲ್ಲಿ ಮೊದಲು ಬೇಡ ಅಂದವಳು ನಾನು. ಮನೆಯವರು ಒತ್ತಾಯ ಮಾಡಲಿಲ್ಲ. ಎರಡು ವರ್ಷ ಆ ಮಾತನ್ನೇ ಎತ್ತಲಿಲ್ಲ. ಕೊನೆಗೆ ಒಂದು ಸಂಜೆ ನಾನೇ ಅರ್ಜಿ ಎಲ್ಲಿದೆ ಅಂತ ಕೇಳಿದೆ. ಆ ಎರಡು ವರ್ಷ ಅವರು ಕಾದಿದ್ದಕ್ಕೇ ನಾನು ಅಲ್ಲಿ 18 ತಿಂಗಳು ನಿಂತಿದ್ದು.

ಸಂಬಳ ಕೊಡುತ್ತಾರಾ? ಖರ್ಚು ಯಾರದು?

ಹೆಚ್ಚಿನ ಕಡೆ ಸಂಬಳ ಇಲ್ಲ. ಬಾಡಿಗೆ, ಊಟ, ಓಡಾಟ, ವಿಮೆ ಎಲ್ಲ ನಿಮ್ಮದೇ. ಕೆಲವು ಸಂಸ್ಥೆಗಳು ಖರ್ಚಿನ ಒಂದು ಭಾಗ ಹೊರುತ್ತವೆ. ಇನ್ನು ಕೆಲವು ಕಡೆ ನಿಮ್ಮ ಸಭೆ, ಬಂಧುಗಳು, ಸ್ನೇಹಿತರು ಸೇರಿ ತಿಂಗಳು ತಿಂಗಳು ಕಾಣಿಕೆ ಕಳಿಸುತ್ತಾರೆ. ಅರ್ಜಿ ಹಾಕುವ ಮೊದಲೇ ಇದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೊರಡುವ ಮೊದಲು ಮನೆಯ ಖರ್ಚಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ನೀವು ಇಲ್ಲದಿದ್ದರೂ ಮನೆ ತೆರಿಗೆ ನಿಲ್ಲುವುದಿಲ್ಲ, ವಿಮೆಯ ಕಂತು ನಿಲ್ಲುವುದಿಲ್ಲ. ಪಿಂಚಣಿ ಬರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಬಹಳ ಕಡೆ ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ತೋರಿಸುವ ಪತ್ರ ಕೊಡಬೇಕು. ಬೇರೆ ದೇಶದಿಂದ ಅದನ್ನು ಹೇಗೆ ಕೊಡೋದು ಅಂತ ಮೊದಲೇ ವಿಚಾರಿಸಿ. ಹಳೇ ಮೊಬೈಲ್ ನಂಬರನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ನಾವು ಹಣ ಉಳಿಸೋಣ ಅಂತ ರೋಮಿಂಗ್ ತೆಗೆಸಿ, ಐದು ವಾರ ನಮ್ಮ ದುಡ್ಡನ್ನು ನಾವೇ ಮುಟ್ಟಲಾಗದೆ ಕೂತಿದ್ದೆವು.

ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡಿಕೊಂಡರೆ ಆಗುತ್ತದಾ?

ಆಗುವುದಿಲ್ಲ. ಧಾರ್ಮಿಕ ಸೇವೆಗೆ ಅನೇಕ ದೇಶಗಳಲ್ಲಿ ಬೇರೆಯೇ ವೀಸಾ ಇದೆ. ನೀವು ನಿಯಮ ಮುರಿದರೆ ಪೆಟ್ಟು ಬೀಳೋದು ನಿಮಗಿಂತ ಜಾಸ್ತಿ ಅಲ್ಲಿನ ಸಭೆಗೆ. ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ, ಅವರು ಅಲ್ಲೇ ಇರಬೇಕು.

ಆ ದೇಶದ ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಬೇಕು. ಉದಾಹರಣೆಗೆ ನೇಪಾಳದ 2015ರ ಸಂವಿಧಾನ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸಿದೆ. ಇಂಥ ಕಡೆ ಹೋಗುವವರು ಯಾವ ಕೆಲಸಕ್ಕೆ ಅನುಮತಿ ಇದೆಯೋ ಅದನ್ನಷ್ಟೇ ಪ್ರಾಮಾಣಿಕವಾಗಿ ಮಾಡಬೇಕು. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಇರಬೇಕು ಅಂತ ಬಹಳ ದೇಶಗಳು ಕೇಳುತ್ತವೆ. ಅದು ನಡುವೆ ಮುಗಿಯುವಂತಿದ್ದರೆ ಹೊರಡುವ ಮೊದಲೇ ಹೊಸದು ಮಾಡಿಸಿ.

ಬಿಪಿ, ಶುಗರ್ ಇದೆ. ಹೋಗಬಹುದಾ?

ಹಿಡಿತದಲ್ಲಿದ್ದರೆ ಸಾಮಾನ್ಯವಾಗಿ ಹೋಗಬಹುದು. ಆದರೆ ಎಲ್ಲಿಗೆ ಅನ್ನೋದು ಮುಖ್ಯ. ಒಳ್ಳೇ ಆಸ್ಪತ್ರೆ ಎಷ್ಟು ದೂರದಲ್ಲಿದೆ ಅಂತ ಮೊದಲು ಕೇಳಿ. ಅರ್ಜಿಯಲ್ಲಿ ಯಾವ ಕಾಯಿಲೆಯನ್ನೂ ಮುಚ್ಚಿಡಬೇಡಿ. ಆ ವಿವರ ನೋಡಿಯೇ ನಿಮಗೆ ಜಾಗ ಗೊತ್ತುಮಾಡುತ್ತಾರೆ.

ಲಸಿಕೆಗೆ ಕೊನೇ ವಾರ ಓಡಬೇಡಿ, ಎರಡು ಮೂರು ತಿಂಗಳು ಮೊದಲೇ ಹೋಗಿ. ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ನಮ್ಮ ವಯಸ್ಸಿನವರಿಗೆ ಒಂದು ಎಚ್ಚರಿಕೆ ಇದೆ. 60 ದಾಟಿದವರು ಮೊದಲ ಸಲ ಅದನ್ನು ತಗೊಂಡರೆ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗಂತ ಎಲ್ಲರಿಗೂ ಬೇಡ ಅಂತಲ್ಲ. ಹೋಗುವ ಜಾಗ, ನಿಮ್ಮ ಆರೋಗ್ಯ ಎರಡನ್ನೂ ಡಾಕ್ಟರು ತೂಗಿ ನೋಡಬೇಕು. ಅದರ ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನದ ನಂತರ ಜಾರಿಗೆ ಬರುತ್ತದೆ. 2016ರ ಜುಲೈಯಿಂದ ಅದು ಜೀವನಪೂರ್ತಿ ನಡೆಯುತ್ತದೆ.

ಮಲೇರಿಯಾ ಇರುವ ಕಡೆ ಹೋಗುವವರು ಮಾತ್ರೆ ಶುರುಮಾಡುವುದು ಹೊರಡುವ ಮೊದಲೇ. ಊರಿಗೆ ವಾಪಸ್ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಅಲ್ಲಿ ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಔಷಧಿಗಳನ್ನು ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಅಂಗಡಿಯ ಪ್ಯಾಕಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಬೇಕು. ಕಂಪನಿ ಹೆಸರು ಬೇರೆ ದೇಶದಲ್ಲಿ ಯಾರಿಗೂ ಗೊತ್ತಿರಲ್ಲ. ನಾವು ಮಾಮೂಲಿ ಅಂದುಕೊಳ್ಳುವ ಕೆಲವು ಮಾತ್ರೆಗಳಿಗೆ ಕೆಲವು ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಮ ಇದೆ. ಜಪಾನಿನಲ್ಲಿ ಕೆಲವು ಶೀತದ ಮಾತ್ರೆಗಳಿಗೆ, ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಕೊಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆಗಳಿಗೆ. ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲೇ ಇರಲಿ. ವಿಮಾನದ ಕೆಳಗಿನ ಸಾಮಾನಿನಲ್ಲಿ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಟ್ಟುಹೋಗಬಹುದು.

ಇನ್ನು ಪ್ರಯಾಣ. ನಾಲ್ಕು ತಾಸಿಗಿಂತ ಹೆಚ್ಚು ಕೂತೇ ಹೋದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಎದ್ದು ಓಡಾಡಿ, ಪಾದ ಆಡಿಸುತ್ತಿರಿ. ಮೊದಲೇ ಕಾಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಟಿಕೆಟ್ ಮಾಡಿಸಿ.

ವಿಮೆ ಬೇಕೇಬೇಕಾ?

ಬೇಕೇಬೇಕು. ನಿಮ್ಮ ದೇಶದ ಆರೋಗ್ಯ ವಿಮೆ ಗಡಿ ದಾಟಿದ ಮೇಲೆ ನಡೆಯುತ್ತದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಕೂಡ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಕೊಡುವುದಿಲ್ಲ. ಪಾಲಿಸಿಯಲ್ಲಿ ಮೂರು ವಿಷಯ ನೋಡಿ. ಮೊದಲಿನಿಂದ ಇರುವ ಕಾಯಿಲೆಗೆ ಕೊಡುತ್ತಾರಾ? ದೊಡ್ಡ ಆಸ್ಪತ್ರೆಗೋ ತಾಯ್ನಾಡಿಗೋ ಸಾಗಿಸುವ ಖರ್ಚು ಸೇರಿದೆಯಾ? ತೀರಿಕೊಂಡರೆ ದೇಹ ಊರಿಗೆ ತರುವ ಖರ್ಚು ಇದೆಯಾ? ಕೊನೆಯದನ್ನು ಗಂಡ ಹೆಂಡತಿ ಕೂತು ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ನಾವು ಮಾತಾಡಿಕೊಂಡೆವು. ಅವತ್ತು ಇಬ್ಬರಿಗೂ ಅಳು ಬಂತು, ಆದರೆ ಆಮೇಲೆ ಮನಸ್ಸು ಹಗುರ ಆಯಿತು.

ಏನೇನು ತಗೊಂಡು ಹೋಗಬೇಕು?

ನೀವು ಅಂದುಕೊಂಡದ್ದರಲ್ಲಿ ಅರ್ಧ ಸಾಕು. ಬಟ್ಟೆ, ಪಾತ್ರೆ ಅಲ್ಲೇ ಸಿಗುತ್ತದೆ. ಇನ್ನೊಂದು ಜೊತೆ ಕನ್ನಡಕ, ಕಾಲಿಗೆ ಒಗ್ಗಿದ ಚಪ್ಪಲಿ ಮತ್ತು ಶೂ, ಹಲ್ಲಿನ ಸೆಟ್ಟು, ಕಿವಿಯ ಯಂತ್ರದ ಬ್ಯಾಟರಿ, ಇವು ಬೇಕು. ಹಲ್ಲಿನ ಕೆಲಸ ಬಾಕಿ ಇದ್ದರೆ ಮುಗಿಸಿಕೊಂಡೇ ಹೊರಡಿ.

ನಿದ್ದೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಇಟ್ಟುಕೊಂಡವರು ಅದರ ಚಾರ್ಜರಿನ ಮೇಲಿನ ಸಣ್ಣ ಅಕ್ಷರ ಓದಿ. 100ರಿಂದ 240 ವೋಲ್ಟ್ ಅಂತ ಇದ್ದರೆ ಪ್ಲಗ್ ಬದಲಾಯಿಸಿದರೆ ಸಾಕು. ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ಹೋಗಿ ಇಳಿದ ಮೊದಲ ವಾರ ಹೇಗಿರುತ್ತದೆ?

ಸುಸ್ತು. ನಿದ್ದೆ ಇಲ್ಲದ ಸುಸ್ತು. ಒಂದೊಂದು ಟೈಮ್ ಝೋನ್ ದಾಟಿದ್ದಕ್ಕೆ ಒಂದೊಂದು ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ಪೂರ್ವ ದಿಕ್ಕಿಗೆ ಹೋದವರಿಗೆ ಇನ್ನೂ ಕಷ್ಟ.

ಮೊದಲ ರಾತ್ರಿ ನಮ್ಮನ್ನು ಬಿಡಲು ಬಂದವರು ಕೀಲಿ ಕೊಟ್ಟು ಹೋದರು. ಸಾಮಾನು ಒಳಗಿಟ್ಟು, ಕೆಳಗೆ ಬಿಟ್ಟಿದ್ದ ಒಂದು ಚೀಲ ತರೋಣ ಅಂತ ಇಬ್ಬರೂ ಇಳಿದೆವು. ವಾಪಸ್ ಬಂದರೆ ಬಾಗಿಲು ತೆಗೆಯೋಕೆ ಆಗಲಿಲ್ಲ. 40 ವರ್ಷ ಯಂತ್ರ ಬಿಚ್ಚಿ ಜೋಡಿಸಿದ ನಮ್ಮ ಮನೆಯವರು ಕೀಲಿ ಹಿಡಿದು ಕತ್ತಲಲ್ಲಿ ನಿಂತಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮನೆಯ ಹುಡುಗ ಬಂದ, ಹತ್ತು ವರ್ಷ ಇರಬಹುದು. ಕೀಲಿಯನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿದ, ಬಾಗಿಲು ತೆರೆಯಿತು. ಮತ್ತೆ ಮುಚ್ಚಿ ಕೀಲಿಯನ್ನು ಇವರ ಕೈಗೆ ಕೊಟ್ಟು, ನೀವೇ ತೆಗೆಯಿರಿ ಅನ್ನೋ ಹಾಗೆ ಸನ್ನೆ ಮಾಡಿದ. ಮುಂದೆ ಇಡೀ 18 ತಿಂಗಳು ನಾವು ಅಲ್ಲಿ ಕಲಿತದ್ದು ಹೀಗೇ. ಗೊತ್ತಿದ್ದವರು ತೋರಿಸೋದು, ನಾವು ಮಾಡಿ ನೋಡೋದು.

ಆ ವಾರ ಯಾವ ಜವಾಬ್ದಾರಿಯನ್ನೂ ಒಪ್ಪಿಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಗೆ ಒಂದು ಸಲ ನಡೆದೋ ಬಸ್ಸಿನಲ್ಲೋ ಹೋಗಿ ಬನ್ನಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ವಾಹನಗಳು ನಮಗೆ ರೂಢಿಯಿಲ್ಲದ ಬದಿಯಿಂದ ಬರಬಹುದು. ತುರ್ತು ನಂಬರುಗಳನ್ನು ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಈ ವಯಸ್ಸಿನಲ್ಲಿ ಹೊಸ ಭಾಷೆ ತಲೆಗೆ ಹತ್ತುತ್ತದಾ?

ಪೂರ್ತಿ ಹತ್ತಲ್ಲ. ಬೇಕಾದಷ್ಟು ಹತ್ತುತ್ತದೆ.

ಕನ್ನಡಿಗರಿಗೆ ಇದನ್ನು ಹೇಳೋದು ಸುಲಭ. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ ವಯಸ್ಸು 21. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ, 60 ದಾಟಿದ ಮೇಲೆ. ಅಷ್ಟು ವರ್ಷ ಆ ಮನುಷ್ಯ ಇನ್ನೊಬ್ಬರ ಮಾತನ್ನು ಕಿವಿಗೊಟ್ಟು ಕೇಳುತ್ತಲೇ ಇದ್ದರು. ನಿಮ್ಮಿಂದ ಯಾರೂ ನಿಘಂಟು ಕೇಳುತ್ತಿಲ್ಲ. ಕಿವಿಗೊಡುವುದನ್ನಷ್ಟೇ ಅವರಿಂದ ತಗೊಳ್ಳಿ.

ಮೊದಲ ಭಾನುವಾರ ಆರಾಧನೆಗೆ ಹೋದಾಗ ನನಗಿಂತ ದೊಡ್ಡವರೊಬ್ಬರು ನನ್ನ ಮಣಿಕಟ್ಟು ಹಿಡಿದು ತಮ್ಮ ಪಕ್ಕದ ಕುರ್ಚಿ ತಟ್ಟಿದರು, ಒಂದು ಮಾತು ಹೇಳಿದರು. ಕೂತುಕೋ ಅಂತ ಅರ್ಥ ಆಯಿತು. ನಾನು ಅದನ್ನೇ ತಿರುಗಿ ಹೇಳಿದೆ. ಅವರು ತಲೆಯಾಡಿಸಿ, ಇನ್ನೊಂದು ಸಲ ನಿಧಾನವಾಗಿ ಹೇಳಿದರು. ಕೀರ್ತನೆ ಶುರುವಾಗುವವರೆಗೂ ಆ ಪಾಠ ನಡೆಯಿತು. ಅವರೇ ನನ್ನ ಟೀಚರ್ ಆದರು. ನಾನು ಅವರನ್ನು ಅಲ್ಲಿನ ಮಾತಿನಲ್ಲಿ ಅಕ್ಕ ಅಂತಲೇ ಕರೆಯುತ್ತಿದ್ದೆ.

ದಿನಕ್ಕೆ ಐದು ಮಾತು ಕಲಿಯಿರಿ. ಮೊದಲು ನಮಸ್ಕಾರ, ಉಪಕಾರ ಆಯಿತು, ಕ್ಷಮಿಸಿ, ಸಾಕು, ನಿಧಾನವಾಗಿ ಹೇಳಿ. ಆಮೇಲೆ ಜನರ ಹೆಸರು. ಹೆಸರನ್ನು ಸರಿಯಾಗಿ ಕರೆದರೆ ವ್ಯಾಕರಣದ ತಪ್ಪನ್ನೆಲ್ಲ ಮನ್ನಿಸುತ್ತಾರೆ.

ಎರಡು ಮೂರು ತಿಂಗಳಾದ ಮೇಲೆ ಎಲ್ಲದರ ಮೇಲೂ ಬೇಜಾರು ಬರುತ್ತಿದೆ. ಪ್ರಾರ್ಥನೆಯಲ್ಲೂ ಮನಸ್ಸು ನಿಲ್ಲುತ್ತಿಲ್ಲ. ನಮ್ಮ ನಂಬಿಕೆ ಕಡಿಮೆಯಾಯಿತಾ?

ಇಲ್ಲ. ಇದು ಹೆಚ್ಚಿನವರಿಗೆ ಬರುವಂಥದ್ದೇ. ಕಾಲೆರ್ವೊ ಓಬರ್ಗ್ ಅನ್ನೋ ಮಾನವಶಾಸ್ತ್ರಜ್ಞ 1950ರ ದಶಕದಲ್ಲೇ ಇದರ ಬಗ್ಗೆ ಮಾತಾಡಿದ್ದರು. ಕಲ್ಚರ್ ಶಾಕ್ ಅನ್ನೋ ಮಾತನ್ನು ಹೆಚ್ಚಾಗಿ ಬಳಕೆಗೆ ತಂದವರು ಅವರೇ. ಮೊದಲು ಎಲ್ಲ ಚೆಂದ ಕಾಣುತ್ತದೆ. ಆಮೇಲೆ ಎಲ್ಲ ಚುಚ್ಚುತ್ತದೆ. ನಂತರ ನಿಧಾನಕ್ಕೆ ಒಗ್ಗುತ್ತದೆ.

ನನಗೆ ಅದು ಹತ್ತನೇ ವಾರ ಬಂತು. ಬೆಳಿಗ್ಗೆ ಸಭೆಗೆ ಹೊರಡಬೇಕು. ಮಂಚದ ತುದಿಯಲ್ಲಿ ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತುಬಿಟ್ಟೆ. ಲೇಸು ಕಟ್ಟೋಕೆ ಕೈ ಏಳಲಿಲ್ಲ. ಹೊರಗಿನ ಗಲಾಟೆ, ಅರ್ಥವಾಗದ ಮಾತು, ಏನೂ ಬೇಡ ಅನಿಸಿತ್ತು. ಮನೆಯವರು ಬಂದು ನೋಡಿದರು. ಏನಾಯ್ತು ಅಂತ ಕೇಳಲಿಲ್ಲ. ಕೆಳಗೆ ಕೂತು ನನ್ನ ಆ ಶೂ ಹಾಕಿ ಲೇಸು ಕಟ್ಟಿದರು. ಅವರ ಮಂಡಿ ನೋವು ನನಗೆ ಗೊತ್ತಿತ್ತು. ಇವತ್ತು ಹೋಗೋದು ಬೇಡ, ಸುಮ್ನೆ ಒಂದು ಸುತ್ತು ನಡೆದು ಬರೋಣ ಅಂದರು. ಹೋಗಿಬಂದೆವು. ಒಂದೇ ದಿನಕ್ಕೆ ಸರಿಹೋಗಲಿಲ್ಲ, ಆದರೆ ಅವತ್ತಿನಿಂದ ಸರಿಹೋಗಲು ಶುರುವಾಯಿತು.

ಮಾಡಬಹುದಾದ್ದು ಇಷ್ಟು: ವಾರಕ್ಕೆ ಒಂದು ದಿನ ಪೂರ್ತಿ ರಜೆ ಇರಲಿ, ಯಾರು ಕರೆದರೂ. ಸತ್ಯವೇದವನ್ನು ನಿಮ್ಮ ತಾಯ್ನುಡಿಯಲ್ಲೇ ಓದಿ, ಜೋರಾಗಿ ಓದಿ. ದಿನಾ ಒಂದೇ ಹೊತ್ತಿಗೆ ನಡೆಯಿರಿ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಬೇಜಾರಲ್ಲ, ಕಾಯಿಲೆ. ಬದುಕು ಬೇಡ ಅನ್ನೋ ಯೋಚನೆ ಒಂದೇ ದಿನ ಬಂದರೂ ಕಾಯಬೇಡಿ. ಡಾಕ್ಟರಿಗೂ ನಿಮ್ಮನ್ನು ಕಳಿಸಿದವರಿಗೂ ಆಗಲೇ ಹೇಳಿ.

ದಿನವಿಡೀ ಇಬ್ಬರೇ ಇರುತ್ತೇವೆ. ಮೊದಲಿಗಿಂತ ಜಗಳ ಜಾಸ್ತಿಯಾಗಿದೆ.

ಆಗುತ್ತದೆ. ಊರಲ್ಲಿ ಇಬ್ಬರಿಗೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಸ್ನೇಹಿತರು ಇದ್ದರು. ಇಲ್ಲಿ ಒಂದೇ ಕೋಣೆ, ಒಂದೇ ಕೆಲಸ, ಮಾತಾಡೋಕೆ ಒಬ್ಬರಿಗೆ ಇನ್ನೊಬ್ಬರೇ. ಇಬ್ಬರೂ ಬೇರೆ ಬೇರೆ ಕೆಲಸ ಆರಿಸಿಕೊಳ್ಳಿ. ದಿನಕ್ಕೆ ಎರಡು ತಾಸಾದರೂ ಬೇರೆ ಜಾಗದಲ್ಲಿರಿ. ಸಂಜೆ ಹೇಳಿಕೊಳ್ಳಲು ಮಾತು ಇರುತ್ತದೆ.

ಇನ್ನೊಬ್ಬರ ಎದುರು ಸಂಗಾತಿಯ ಭಾಷೆಯ ತಪ್ಪನ್ನು ತಿದ್ದಬೇಡಿ. ನಾನು ಇದನ್ನು ಮಾಡಿ ಅವರ ಮನಸ್ಸಿಗೆ ಬಹಳ ನೋವು ಮಾಡಿದೆ. ಒಂದು ತಿಂಗಳು ಅವರು ಹೊರಗೆ ಬಾಯೇ ತೆರೆಯಲಿಲ್ಲ.

ನಮಗೆ ಇಷ್ಟು ಅನುಭವ ಇದೆ. ಅಲ್ಲಿನ ಸಭೆಯವರು ನಮ್ಮ ಸಲಹೆಯನ್ನೇ ಕೇಳುತ್ತಿಲ್ಲ. ಏನು ಮಾಡೋದು?

ಕೇಳುವವರೆಗೂ ಹೇಳಬೇಡಿ. ನೀವು ಅಲ್ಲಿ ಅತಿಥಿಗಳು. ನಾನು ಎಲ್ಲ ದಂಪತಿಗಳಿಗೂ ಹೇಳುವ ಮಾತು ಒಂದಿದ್ದರೆ ಇದೇ. ಆ ಸಭೆ ನೀವು ಬರುವ ಮೊದಲೂ ಇತ್ತು, ನೀವು ಹೋದ ಮೇಲೂ ಇರಬೇಕು. ಸಭಾಪಾಲಕರಿಗೆ ನಿಮ್ಮ ಮಗನ ವಯಸ್ಸಿರಬಹುದು. ಆದರೂ ಅಲ್ಲಿ ಅವರೇ ಹಿರಿಯರು.

ನಾನು ಹೋದ ಎರಡನೇ ವಾರವೇ ಅಲ್ಲಿನ ಲೆಕ್ಕದ ಪುಸ್ತಕ ನೋಡಿ ಇದು ಹೀಗಲ್ಲ ಅಂದೆ. ಹೊಸ ಪುಸ್ತಕ ತಂದು, ಗೆರೆ ಹಾಕಿ ಕೊಟ್ಟೆ. ಅವರು ವಿನಯದಿಂದ ತಗೊಂಡರು, ಬಳಸಲಿಲ್ಲ. ಆರು ತಿಂಗಳಾದ ಮೇಲೆ ಹಳೇ ಪುಸ್ತಕದ ಕ್ರಮ ನನಗೆ ಅರ್ಥವಾಯಿತು. ಅಲ್ಲಿ ಜನ ಕಾಣಿಕೆಯನ್ನು ದುಡ್ಡಿನಲ್ಲಷ್ಟೇ ಅಲ್ಲ, ದವಸದಲ್ಲಿ, ಕೂಲಿಯ ದಿನಗಳಲ್ಲಿ ಕೊಡುತ್ತಿದ್ದರು. ನನ್ನ ಗೆರೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೋಗಿ ಕ್ಷಮೆ ಕೇಳಿದೆ. ಆಮೇಲೆ ಲೆಕ್ಕ ನೋಡುತ್ತಿದ್ದ ಹುಡುಗಿ ತಾನಾಗಿಯೇ ಬಂದು ಬ್ಯಾಂಕಿನ ಲೆಕ್ಕ ಹೊಂದಿಸೋದು ಹೇಗೆ ಅಂತ ಕೇಳಿದಳು.

ಜನ ಮನೆಗೆ ಬಂದು ದುಡ್ಡು ಕೇಳಿದರೆ?

ಕೇಳುತ್ತಾರೆ, ನಿಜವಾದ ಕಷ್ಟವೇ ಇರುತ್ತದೆ. ಕೈಯಿಂದ ಕೈಗೆ ಕೊಡಬೇಡಿ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದರೆ ಸಭೆಯೊಳಗೆ ಮನಸ್ತಾಪ ಹುಟ್ಟುತ್ತದೆ. ಸಭಾಪಾಲಕರ ಜೊತೆ ಮೊದಲೇ ಮಾತಾಡಿ. ಕೊಡುವುದನ್ನು ಸಭೆಯ ಮೂಲಕವೇ ಕೊಡಿ, ನಿಮ್ಮ ಹೆಸರು ಬೇಡ. ಇಲ್ಲ ಅನ್ನುವಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಬೇಡಿ, ಒಳಗೆ ಕರೆದು ಕೂರಿಸಿ ಹೇಳಿ. ಜೊತೆಗೆ ಪ್ರಾರ್ಥನೆ ಮಾಡಿ.

ಯುವ ಮಿಷನರಿಗಳ ನಿಯಮಗಳೇ ನಮಗೂ ಇರುತ್ತವಾ?

ಸಾಮಾನ್ಯವಾಗಿ ಇಲ್ಲ. ಲ್ಯಾಟರ್-ಡೇ ಸೇಂಟ್ಸ್ ಸಭೆಯಲ್ಲಿ ಯುವಕರು 24 ತಿಂಗಳು, ಯುವತಿಯರು 18 ತಿಂಗಳು ಬಿಗಿಯಾದ ದಿನಚರಿಯಲ್ಲಿ ಇರುತ್ತಾರೆ. ದಂಪತಿಗಳಿಗೆ ಆ ಬಿಗಿ ಇಲ್ಲ. ಬೇರೆ ಸಂಸ್ಥೆಗಳಲ್ಲೂ ಹೆಚ್ಚುಕಮ್ಮಿ ಹೀಗೇ.

ಆ ಮಕ್ಕಳು ಮನೆ ಬಿಟ್ಟು ಬಂದವರು. ಒಂದು ಹೊತ್ತು ಕೂರಿಸಿ ಊಟ ಹಾಕಿ, ಹರಿದ ಗುಂಡಿ ಹೊಲಿದು ಕೊಡಿ. ಅದಕ್ಕಿಂತ ಹೆಚ್ಚು ಉಪದೇಶ ಬೇಡ.

ಮೊಮ್ಮಕ್ಕಳನ್ನು ಬಿಟ್ಟು ಹೇಗಿರೋದು?

ನಿಜ ಹೇಳಬೇಕಂದರೆ ಉಳಿದದ್ದೆಲ್ಲಕ್ಕಿಂತ ಇದೇ ಕಷ್ಟ. ನಾವು ಹೋದಾಗ ಕೊನೇ ಮೊಮ್ಮಗಳಿಗೆ ಎಂಟು ತಿಂಗಳು. ಅವಳ ಮೊದಲ ಹೆಜ್ಜೆ ನೋಡಿದ್ದು ಫೋನಿನಲ್ಲಿ. ಆ ದಿನ ವಾಪಸ್ ಸಿಗೋದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಬೇಕು.

ವಾರಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಂಡು ವಾಟ್ಸಾಪಿನಲ್ಲಿ ವಿಡಿಯೋ ಕರೆ ಮಾಡಿ. ಚಿಕ್ಕ ಮಕ್ಕಳು ಸುಮ್ನೆ ಹೇಗಿದ್ದೀಯಾ ಅಂದರೆ ಮಾತಾಡಲ್ಲ. ನಾನು ಪ್ರತಿ ವಾರ ಒಂದು ವಸ್ತು ಹಿಡಿದು ತೋರಿಸುತ್ತಿದ್ದೆ, ಒಂದು ಎಲೆ, ಒಂದು ನಾಣ್ಯ, ಬಸ್ ಟಿಕೆಟ್. ದೊಡ್ಡ ಮೊಮ್ಮಗ ಆ ಹೊತ್ತಿಗೆ ಕಾಯುತ್ತಿದ್ದ. ಜೊತೆಗೆ ಕಾಗದ ಬರೆಯಿರಿ, ಕೈಬರಹದಲ್ಲಿ. ಅವನು ಅವನ್ನೆಲ್ಲ ಒಂದು ಶೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ.

ನಾವು ಅಲ್ಲಿದ್ದಾಗ ಊರಲ್ಲಿ ಯಾರಾದರೂ ತೀರಿಕೊಂಡರೆ?

ಹೊರಡುವ ಮೊದಲೇ ಮಾತಾಡಿಕೊಳ್ಳಿ. ಯಾರ ಸಾವಿಗೆ ಬರುತ್ತೇವೆ, ಯಾರ ಸಾವಿಗೆ ಬರಲಾಗದು ಅಂತ. ಕೇಳೋಕೆ ಕಠಿಣ ಅನಿಸುತ್ತದೆ. ಆದರೆ ಅರ್ಧರಾತ್ರಿ ಫೋನ್ ಬಂದಾಗ ತೀರ್ಮಾನ ಮಾಡೋದು ಇನ್ನೂ ಕಷ್ಟ. ತುರ್ತಾಗಿ ಹೋಗಿಬರಲು ಸಂಸ್ಥೆ ಏನು ವ್ಯವಸ್ಥೆ ಮಾಡುತ್ತದೆ, ಟಿಕೆಟ್ ಯಾರದು ಅಂತಲೂ ಕೇಳಿ. ಇಬ್ಬರ ಟಿಕೆಟ್ಟಿಗೆ ಆಗುವಷ್ಟು ಹಣ ಮುಟ್ಟದೆ ಎತ್ತಿಡಿ. ನಿಮ್ಮ ಉಯಿಲು ಬರೆದಿಡಿ. ಊರಲ್ಲಿ ನಿಮ್ಮ ಪರವಾಗಿ ಸಹಿ ಮಾಡಲು ನಂಬಿಕಸ್ತರೊಬ್ಬರಿಗೆ ಅಧಿಕಾರಪತ್ರ ಕೊಡಿ.

ಇಷ್ಟು ಮಾಡಿದರೂ ಫಲ ಕಾಣುತ್ತಿಲ್ಲ ಅನಿಸಿದರೆ?

ಅಡೊನಿರಮ್ ಜಡ್ಸನ್ ಮತ್ತು ಆನ್ ಜಡ್ಸನ್ ಅನ್ನೋ ಅಮೆರಿಕದ ಮಿಷನರಿ ದಂಪತಿ 1813ರಲ್ಲಿ ಬರ್ಮಾಕ್ಕೆ ಹೋದರು. ಮೊದಲ ಒಬ್ಬ ವ್ಯಕ್ತಿ ದೀಕ್ಷಾಸ್ನಾನ ಪಡೆದಿದ್ದು 1819ರಲ್ಲಿ. ಆರು ವರ್ಷ ಅವರು ಭಾಷೆ ಕಲಿತರು, ಅನುವಾದ ಮಾಡಿದರು, ಒಂದು ಮಗುವನ್ನು ಮಣ್ಣು ಮಾಡಿದರು. ನಮ್ಮದು ಒಂದೂವರೆ ವರ್ಷದ ಮಾತು. ಆ ಅವಧಿಯಲ್ಲಿ ಏನು ಬೆಳೆಯಿತು ಅಂತ ಎಣಿಸೋಕೆ ಹೋಗಬೇಡಿ. ಯಾರ ಹೆಸರು ಕಲಿತೆವು, ಯಾರ ಮನೆಗೆ ಹೋದೆವು ಅಂತ ರಾತ್ರಿ ಬರೆದಿಡಿ. ಆ ಹೆಸರುಗಳಿಗಾಗಿ ಪ್ರಾರ್ಥನೆ ಮಾಡಿ.

ನಡುವೆಯೇ ವಾಪಸ್ ಬಂದರೆ ಸೋತ ಹಾಗಾ?

ಅಲ್ಲ. ಆರೋಗ್ಯ ಕೆಟ್ಟರೆ, ಸಂಗಾತಿಗೆ ತಡೆಯೋಕೆ ಆಗದಿದ್ದರೆ, ಊರಲ್ಲಿ ನಿಮ್ಮ ಅಗತ್ಯ ಬಿದ್ದರೆ, ಬನ್ನಿ. ನಮ್ಮ ಜೊತೆ ಬಂದಿದ್ದ ಒಂದು ದಂಪತಿ ಐದನೇ ತಿಂಗಳಿಗೆ ಹೃದಯದ ತೊಂದರೆಯಿಂದ ವಾಪಸ್ ಹೋದರು. ಆ ಐದು ತಿಂಗಳಲ್ಲಿ ಆಕೆ ಕೀಬೋರ್ಡ್ ಕಲಿಸಿದ ಇಬ್ಬರು ಹುಡುಗರು ನಾವಿದ್ದಷ್ಟು ಕಾಲವೂ ಪ್ರತಿ ಭಾನುವಾರ ನುಡಿಸುತ್ತಿದ್ದರು. ವಾಪಸ್ ಬಂದವರನ್ನು ಸಭೆಯವರು ಯಾಕೆ ಬಂದಿರಿ ಅಂತ ಕೆದಕಬಾರದು, ಇದನ್ನೂ ಇಲ್ಲೇ ಕೇಳಿಕೊಳ್ಳುತ್ತೇನೆ.

ಅವಧಿ ಮುಗಿಸಿ ಊರಿಗೆ ಬಂದ ಮೇಲೆ?

ಬರುವ ಮೊದಲಿನ ಎರಡು ತಿಂಗಳು ಕೆಲಸ ಬಿಟ್ಟುಕೊಡುವುದಕ್ಕೆ ಇಡಿ. ನೀವು ಮಾಡುತ್ತಿದ್ದುದನ್ನು ಅಲ್ಲಿನವರು ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಮನೆಯವರು ಪಂಪ್ ಬಿಚ್ಚಿ ಜೋಡಿಸುವುದನ್ನು ಮೂವರಿಗೆ ಕಲಿಸಿ, ಸಾಮಾನಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದರು. ನಾನು ಲೆಕ್ಕವನ್ನು ಆ ಹುಡುಗಿಗೆ ಒಪ್ಪಿಸಿದೆ, ಅವರದೇ ಹಳೇ ಪುಸ್ತಕದಲ್ಲಿ.

ಊರಿಗೆ ಬಂದ ಮೇಲೂ ಕೆಲವು ತಿಂಗಳು ಮನಸ್ಸು ನಿಲ್ಲುವುದಿಲ್ಲ. ಕೇಳುವವರು ಐದು ನಿಮಿಷ ಕೇಳಿ ಬೇರೆ ಮಾತಿಗೆ ಹೋಗುತ್ತಾರೆ. ನೀವು ಹೇಳಬೇಕಾದ್ದು ಐದು ತಾಸಿನಷ್ಟು ಇರುತ್ತದೆ. ಹೋಗಿಬಂದ ಇನ್ನೊಂದು ದಂಪತಿಯನ್ನು ಹುಡುಕಿಕೊಳ್ಳಿ, ಅವರು ಕೇಳುತ್ತಾರೆ. ವೈದ್ಯರ ತಪಾಸಣೆ ಮಾಡಿಸಿ. ಬಂದ ವರ್ಷದೊಳಗೆ ಜ್ವರ ಬಂದರೆ ಯಾವ ದೇಶದಲ್ಲಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಆ ಹುಡುಗಿ ಈಗಲೂ ವರ್ಷದ ಲೆಕ್ಕ ಮುಗಿಸಿದ ದಿನ ಫೋನ್ ಮಾಡುತ್ತಾಳೆ. ಮೊನ್ನೆ ಮಾಡಿದ್ದಳು. ಲೆಕ್ಕ ಸರಿ ಹೊಂದಿದೆ ಅಂದಳು. ಆಮೇಲೆ ಫೋನನ್ನು ಅಕ್ಕನ ಕೈಗೆ ಕೊಟ್ಟಳು. ಅವರಿಗೆ ಈಗ ಕಿವಿ ಸರಿಯಾಗಿ ಕೇಳಿಸಲ್ಲ. ಕೂತುಕೋ ಅನ್ನೋ ಆ ಮಾತನ್ನು ಹೇಳಿದರು, ನಿಧಾನವಾಗಿ. ನಾನು ತಿರುಗಿ ಹೇಳಿದೆ.